ಇಳಿಜಾರಿನ ತೋಟದ ಅಳತೆ

ತೀರ್ಥಹಳ್ಳಿ, ಹೊಸನಗರದ ಕಡೆ ಪರವಾನಗಿ ಭೂಮಾಪಕನಾಗಿ ದುಡಿಯುತ್ತ ನನಗೆ ಮನವರಿಕೆಯಾದ ಸಂಗತಿಯೆಂದರೆ, ಮಲೆನಾಡಿನ ಸರ್ವೆಯ ಮುಕ್ಕಾಲು ಪಾಲು ಶ್ರಮ ಹಿಂದೆ ಅಳೆದವರು ಎಲ್ಲಿ ನಿಂತು ಅಳೆದಿದ್ದರು ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಜಮೀನಿನ ಗಡಿ ಗುರುತಿಸಿಕೊಡಿ ಎಂಬ ಹದ್ದುಬಸ್ತಿನ ಅರ್ಜಿ ಕೈಸೇರಿದಾಗ ಯಂತ್ರ ಮುಟ್ಟುವ ಮೊದಲು ಹಳೆಯ ಸರ್ವೆಯ ಅಳತೆ ಬರೆದಿಟ್ಟ ಟಿಪ್ಪಣಿಯನ್ನೂ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆಯಾದ ಆಕಾರ್‌ಬಂದನ್ನೂ ಮುಂದಿಟ್ಟುಕೊಂಡು ಕೂರುತ್ತೇನೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬೊಂಬಾಯಿ ಪದ್ಧತಿಯಂತೆ ಶುರುವಾದ ಕಂದಾಯ ಸರ್ವೆಯ ಲೆಕ್ಕ 33 ಅಡಿಯ ಸರಪಳಿಯದು; ಸರಪಳಿಗೆ 16 ಆಣೆ, ಆಣೆಗೆ ಎರಡು ಅಡಿ ಮುಕ್ಕಾಲು ಇಂಚು, ಸರಪಳಿ ಉದ್ದಗಲದ ಚೌಕ 1089 ಚದರ ಅಡಿ, ಅಂದರೆ ಒಂದು ಗುಂಟೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಬಾಯಿಪಾಠ ಮಾಡಿಸುವುದು ಇದನ್ನೇ.

ಜಾಗಕ್ಕೆ ಹೋದರೆ ಗಡಿಗೆ ನೆಟ್ಟ ಬಾಂದುಕಲ್ಲು ಕಣ್ಣಿಗೆ ಬೀಳುವುದು ಅಪರೂಪ. ಧರೆ ಕುಸಿದು ಮುಚ್ಚಿರುತ್ತದೆ, ಇಲ್ಲವೇ ತೋಟದ ಸುತ್ತ ಅಗಳ (ಕಂದಕ) ತೆಗೆಯುವಾಗ ಯಾರೋ ಕಿತ್ತು ಬದಿಗೆ ಒರಗಿಸಿರುತ್ತಾರೆ. ಹಾಗಾಗಿ ಸಿಕ್ಕ ಒಂದೇ ಕಲ್ಲನ್ನು ನಂಬದೆ, ಅದರಿಂದ ಇನ್ನೆರಡು ಕಲ್ಲುಗಳಿಗೆ ಟಿಪ್ಪಣಿಯಲ್ಲಿರುವಷ್ಟೇ ದೂರ ಬರುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಗೆರೆ ಹಿಡಿಯುತ್ತೇನೆ. ದಟ್ಟ ಅಡಿಕೆ ತೋಟದೊಳಗೆ ಮರಗಳ ಮರೆಯಿಂದಾಗಿ, ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ರೋವರ್ ಯಂತ್ರವನ್ನು ನೆಚ್ಚಿಕೊಳ್ಳುವಂತಿಲ್ಲ. ಬಯಲಾದ ಗದ್ದೆಯಂಚಿನಲ್ಲಿ ಎರಡು ಬಿಂದು ಗುರುತಿಸಿ, ಅಲ್ಲಿಂದ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಲ್ಲಿ ಅಳೆಯುತ್ತ ಒಳಗೆ ಹೋಗುತ್ತೇನೆ.

ಹೆಚ್ಚು ತಕರಾರು ಹುಟ್ಟುವುದು ಇಳಿಜಾರಿನಲ್ಲಿ. ಪಹಣಿಯ ವಿಸ್ತೀರ್ಣ ಸಮತಟ್ಟಿನ ಅಳತೆಯದು. ಮಾಲೀಕರು ಟೇಪನ್ನು ನೆಲಕ್ಕೆ ಹಾಸಿ ಅಳೆದಿರುತ್ತಾರೆ. ಇಪ್ಪತ್ತು ಡಿಗ್ರಿ ಇಳಿಜಾರಿನಲ್ಲಿ ಹಾಗೆ ಹಾಸಿದ 100 ಮೀಟರ್ ನಕ್ಷೆಯಲ್ಲಿ ಸುಮಾರು 94 ಮೀಟರ್ ಮಾತ್ರ, ಆಗ ಜಾಗ ಕಡಿಮೆ ತೋರಿಸಿದ್ದೀರಿ ಎಂಬ ಮಾತು ಬರುತ್ತದೆ. ಅಂಥಲ್ಲಿ ವಾದಿಸದೆ, ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು ಧರೆಯ ಮೇಲೆ ಹಿಡಿಸುತ್ತೇನೆ; ಇನ್ನೊಂದು ತುದಿಯನ್ನು ಕೆಳಗೆ ನಿಂತು ತಲೆಯೆತ್ತರಕ್ಕೆ ಮಟ್ಟವಾಗಿ ಎಳೆದು, ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆದು ತೋರಿಸುತ್ತೇನೆ. ಸ್ವಂತ ಕೈಯಲ್ಲಿ ಹಿಡಿದ ಅಳತೆಯನ್ನು ಜನ ಒಪ್ಪುತ್ತಾರೆ.

ಪಕ್ಕದ ಹಿಡುವಳಿದಾರರಿಗೆ ನೋಟಿಸ್ ತಲುಪಿದೆ ಎಂಬುದಷ್ಟೇ ನನಗೆ ಸಾಲದು. ಅವರನ್ನೂ ಮೂಲೆಯಿಂದ ಮೂಲೆಗೆ ಜೊತೆಯಲ್ಲಿ ನಡೆಸಿ, ಪ್ರತಿ ಗುರುತಿನ ಅಳತೆಯನ್ನು ಆಣೆಯಲ್ಲೂ ಮೀಟರಿನಲ್ಲೂ ಓದಿ ಹೇಳಿದ ಬಳಿಕವೇ ಮಹಜರಿಗೆ ಸಹಿ ಕೇಳುತ್ತೇನೆ.