ಆನ್‌ಲೈನ್ ಗಣಿತ: ಲೆಕ್ಕ ಮಗುವೇ ಮಾಡಲಿ

ಮನೆಯಲ್ಲೇ ಓದುವ ಮಗು ಎಲ್ಲ ಪಾಠದಲ್ಲೂ ಒಂದೇ ಕ್ಲಾಸಿನಲ್ಲಿ ಇರುವುದಿಲ್ಲ. ಭಾಗಾಕಾರದಲ್ಲಿ ಐದನೇ ಕ್ಲಾಸಿನವರಷ್ಟು ಚುರುಕಿರುತ್ತದೆ, ಭಿನ್ನರಾಶಿ ಅಂದರೆ ಮೂರನೇ ಕ್ಲಾಸಿಗೇ ನಿಂತಿರುತ್ತದೆ. ಅದರಲ್ಲೇನೂ ತಪ್ಪಿಲ್ಲ. ಆದರೆ ನಾಳೆ ಯಾವ ಲೆಕ್ಕ ಕೊಡಬೇಕು ಅನ್ನುವುದು ಅಪ್ಪ ಅಮ್ಮನಿಗೆ ತಲೆನೋವು. ಅಡಾಪ್ಟಿವ್ ಗಣಿತ ಪ್ರೋಗ್ರಾಂಗಳು ಇರುವುದೇ ಇದಕ್ಕೆ. ಮಗುವಿನ ಉತ್ತರ ನೋಡಿಕೊಂಡು ಅವು ಮುಂದಿನ ಲೆಕ್ಕ ಆರಿಸುತ್ತವೆ. ಸರಿ ಬಂದರೆ ಮುಂದಕ್ಕೆ, ಎಡವಿದರೆ ಹಿಂದಕ್ಕೆ. ಹಾಗಾಗಿ ಅದಕ್ಕೆ ಸಿಗುವ ಉತ್ತರ ಮಗುವಿನದ್ದೇ ಆಗಿರಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಯಾವುದನ್ನು ಆರಿಸುವುದು?

ಖಾನ್ ಅಕಾಡೆಮಿ ಉಚಿತ. ವಿಡಿಯೊ ಪಾಠವೂ ಇದೆ, ಅಭ್ಯಾಸವೂ ಇದೆ. ಆದರೆ ಕೋರ್ಸ್ ಆರಿಸುವುದು ಬಹುಮಟ್ಟಿಗೆ ನಿಮ್ಮ ಕೆಲಸ. ಅಲೆಕ್ಸ್ (ALEKS) ಅನ್ನುವ ಪ್ರೋಗ್ರಾಂಗೆ ಹಣ ಕೊಡಬೇಕು. ಮಗುವಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಹುಡುಕುವುದೇ ಅದರ ಮುಖ್ಯ ಕಸುಬು. ಐಎಕ್ಸ್ಎಲ್ (IXL) ಅನ್ನುವುದಕ್ಕೂ ಹಣ ಬೇಕು, ಅಲ್ಲಿ ಅಭ್ಯಾಸ ಜಾಸ್ತಿ. ಮೂರನ್ನೂ ಒಟ್ಟಿಗೆ ಹಾಕಿಕೊಳ್ಳಬೇಡಿ. ಒಂದು ಸಾಕು. ಪೋಷಕರ ಖಾತೆ ನಿಮ್ಮ ಹೆಸರಿನಲ್ಲಿರಲಿ, ಮಗುವಿನ ಖಾತೆ ಅದಕ್ಕೆ ಜೋಡಿಸಿರಲಿ. ಇಬ್ಬರು ಮಕ್ಕಳಿದ್ದರೆ ಬೇರೆ ಬೇರೆ ಖಾತೆ ಬೇಕೇ ಬೇಕು. ತಮ್ಮನ ಲೆಕ್ಕ ಅಕ್ಕ ಮಾಡಿದರೆ ಪ್ರೋಗ್ರಾಂ ಇಬ್ಬರನ್ನೂ ಸೇರಿಸಿ ಒಂದು ವಿಚಿತ್ರ ಮಗು ಅಂದುಕೊಳ್ಳುತ್ತದೆ.

ಮೊದಲ ಪರೀಕ್ಷೆ

ಅಲೆಕ್ಸ್‌ನಲ್ಲಿ ಶುರುವಿಗೆ ಸುಮಾರು 20ರಿಂದ 30 ಪ್ರಶ್ನೆಗಳು ಬರುತ್ತವೆ. ಖಾನ್ ಅಕಾಡೆಮಿಯಲ್ಲಿ ಕೋರ್ಸ್ ಚಾಲೆಂಜ್ ಅಂತ ಇದೆ, 30 ಪ್ರಶ್ನೆಯದ್ದು. ಮಗು ಬೆಳಿಗ್ಗೆ ಹುರುಪಾಗಿರುವಾಗ ಕೂರಿಸಿ. ಖಾಲಿ ಹಾಳೆ, ಪೆನ್ಸಿಲ್ ಕೊಡಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡಿರಿ. ಇದೇ ಕಷ್ಟ. ಮಗು ತಡಕಾಡುವಾಗ "ಇನ್ನೊಂದ್ಸಲ ನೋಡು" ಅಂದರೂ ಅದು ಸುಳಿವೇ. ನಿಮ್ಮ ಸಹಾಯದಿಂದ ಮೇಲಿನ ಮಟ್ಟಕ್ಕೆ ಹೋದ ಮಗು ಮುಂದಿನ ವಾರ ಆ ಮಟ್ಟದಲ್ಲಿ ಒದ್ದಾಡುತ್ತದೆ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನುವ ಬಟನ್ ಇದ್ದರೆ ಅದನ್ನು ಒತ್ತಲು ಹೇಳಿ. ಸುಮ್ನೆ ಊಹೆ ಮಾಡಿ ಸರಿ ಬಂದುಬಿಟ್ಟರೆ ಪ್ರೋಗ್ರಾಂಗೆ ಅದು ಊಹೆ ಅಂತ ತಿಳಿಯುವುದಿಲ್ಲ ಅಲ್ವಾ?

ದಿನದ ಅಭ್ಯಾಸ

ಚಿಕ್ಕ ಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ದೊಡ್ಡವರಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನಾ ಸ್ವಲ್ಪ ಮಾಡಿಸುವುದು ಒಳ್ಳೆಯದು. ಲೆಕ್ಕ ಹಾಳೆಯ ಮೇಲೆ ಮಾಡಲಿ, ಉತ್ತರ ಮಾತ್ರ ಪರದೆಯ ಮೇಲೆ ಹೋಗಲಿ. ಹಾಳೆಯನ್ನು ಎಸೆಯಬೇಡಿ.

ಯಾಕೆ ಅಂದರೆ, ತಪ್ಪಾಗಿದೆ ಅಂತ ಪ್ರೋಗ್ರಾಂ ಹೇಳುತ್ತದೆ. ಮಗು ಏನು ಯೋಚಿಸಿ ತಪ್ಪು ಮಾಡಿತು ಅನ್ನುವುದು ಅದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ದಶಮಾಂಶ ತೆಗೆದುಕೊಳ್ಳಿ. 0.62 ಮತ್ತು 0.5ರಲ್ಲಿ ಯಾವುದು ದೊಡ್ಡದು? ಮಗು 0.62 ಅನ್ನುತ್ತದೆ, ಸರಿ. 0.35 ಮತ್ತು 0.4ರಲ್ಲಿ? 0.35 ಅನ್ನುತ್ತದೆ, ತಪ್ಪು. ನೋಡಿದರೆ ಅರ್ಧ ಬರುತ್ತೆ, ಅರ್ಧ ಬರಲ್ಲ ಅನ್ನಿಸುತ್ತದೆ. ನಿಜದಲ್ಲಿ ಎರಡೂ ಸಲ ಮಗು ಮಾಡಿದ್ದು ಒಂದೇ ಕೆಲಸ. ಚುಕ್ಕಿ ಮರೆತು 62 ಮತ್ತು 5, 35 ಮತ್ತು 4 ಅಂತ ಹೋಲಿಸಿದೆ. ಮೊದಲನೆಯ ಸರಿ ಉತ್ತರವೂ ತಪ್ಪು ದಾರಿಯಲ್ಲೇ ಬಂದದ್ದು. "ಹೇಗೆ ಮಾಡಿದೆ, ಹೇಳು" ಅಂತ ಕೇಳಿದರೆ ಒಂದು ನಿಮಿಷದಲ್ಲಿ ಹೊರಬೀಳುತ್ತದೆ. ಆಮೇಲೆ 0.4 ಅನ್ನು 0.40 ಅಂತ ಬರೆಸಿ, ನೂರು ಚೌಕದ ಹಾಳೆಯಲ್ಲಿ 40 ಮತ್ತು 35 ಚೌಕಕ್ಕೆ ಬಣ್ಣ ಹಚ್ಚಿಸಿ. ಹೀಗಾಗಿ ಸರಿ ಉತ್ತರಕ್ಕೂ ಆಗಾಗ "ಹೇಗೆ?" ಅಂತ ಕೇಳುತ್ತಿರಿ.

ಅಂಕದ ಹುಚ್ಚು ಬೇಡ

ಐಎಕ್ಸ್ಎಲ್‌ನ ಸ್ಮಾರ್ಟ್‌ಸ್ಕೋರ್ 100ರವರೆಗೆ ಹೋಗುತ್ತದೆ. ಅದು ಶೇಕಡಾ ಅಂಕ ಅಲ್ಲ. 90 ದಾಟಿದ ಮೇಲೆ ಲೆಕ್ಕ ಕಷ್ಟದ್ದಾಗುತ್ತದೆ, ಒಂದು ತಪ್ಪಾದರೂ ಅಂಕ ಚೆನ್ನಾಗಿಯೇ ಇಳಿಯುತ್ತದೆ. ಕಣ್ಣೀರು ಬರುವುದು ಈ ಜಾಗದಲ್ಲೇ. 80 ಬಂದರೆ ಆ ದಿನಕ್ಕೆ ನಿಲ್ಲಿಸಿ, ನೂರು ಆಗಲೇಬೇಕು ಅಂತೇನಿಲ್ಲ. ಖಾನ್ ಅಕಾಡೆಮಿಯಲ್ಲಿ ಒಮ್ಮೆ ಗಳಿಸಿದ ಮಟ್ಟ ಮುಂದಿನ ಪರೀಕ್ಷೆಯಲ್ಲಿ ತಪ್ಪಿದರೆ ಕೆಳಗಿಳಿಯುತ್ತದೆ. ಮರೆತದ್ದು ಗೊತ್ತಾಯಿತು ಅಷ್ಟೇ, ಬೈಯಬೇಡಿ.

ವಾರಕ್ಕೊಮ್ಮೆ ಪೋಷಕರ ಪುಟ ತೆರೆದು ನೋಡಿ. ಎಷ್ಟು ಹೊತ್ತು ಕೂತರು ಅನ್ನುವುದು ಅಷ್ಟು ಮುಖ್ಯವಲ್ಲ. ಯಾವ ಪಾಠ ಮತ್ತೆ ಮತ್ತೆ ವಾಪಸ್ ಬರುತ್ತಿದೆ ಅಂತ ನೋಡಿ. ಒಂದೇ ಪಾಠದಲ್ಲಿ ವಾರವಿಡೀ ಸಿಕ್ಕಿಕೊಂಡಿದ್ದರೆ ಕಂಪ್ಯೂಟರ್ ಮುಚ್ಚಿ. ಹುಣಸೆ ಬೀಜವೋ ಕಡ್ಡಿಯೋ ಇಟ್ಟುಕೊಂಡು ಅದನ್ನೇ ಕೈಯಲ್ಲಿ ಮಾಡಿಸಿ. ಮಗ್ಗಿ ಬರದೆ ಭಾಗಾಕಾರ ತಡವಾಗುತ್ತಿದ್ದರೆ ಮೊದಲು ಮಗ್ಗಿ ಸರಿಮಾಡಿ. ನಾಲ್ಕೈದು ದಿನ ಬಿಟ್ಟು ಅದೇ ಪಾಠಕ್ಕೆ ಮರಳಿ. ರಜೆ ತುಂಬಾ ದಿನದ್ದಾಗಿದ್ದರೆ ಬಿಟ್ಟ ಜಾಗದಿಂದ ಶುರು ಮಾಡುವ ಬದಲು ಮೊದಲ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸಿ.