ನೆಟ್‌ವರ್ಕ್ ನೋಡಿಕೊಳ್ಳುವುದು ಹೇಗೆ? ಮೊದಲು ಬರೆದಿಡಿ, ಆಮೇಲೆ ಕೈ ಹಾಕಿ

"ನೆಟ್ ಬರ್ತಿಲ್ಲ, ಸ್ವಲ್ಪ ನೋಡ್ತೀರಾ?"

ಇಪ್ಪತ್ತು ಮೂವತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲೋ ಶಾಲೆಯಲ್ಲೋ ಈ ಮಾತು ಯಾರಾದರೂ ಒಬ್ಬರ ಪಾಲಿಗೆ ಬಂದೇ ಬರುತ್ತದೆ. ಬಹಳ ಸಲ ಅವರು ನೆಟ್‌ವರ್ಕ್ ಓದಿದವರೂ ಆಗಿರುವುದಿಲ್ಲ. ಲೆಕ್ಕ ಬರೆಯುವವರೋ, ಪಾಠ ಮಾಡುವವರೋ ಇರುತ್ತಾರೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಎಂಬ ಕಾರಣಕ್ಕೆ ಈ ಜವಾಬ್ದಾರಿ ಹೆಗಲೇರಿರುತ್ತದೆ. ಈ ಲೇಖನ ಅವರಿಗಾಗಿ.

ಕೆಟ್ಟಾಗ ಓಡಿಹೋಗಿ ಸರಿ ಮಾಡುವುದೇ ಈ ಕೆಲಸ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ಸಣ್ಣ ಭಾಗ ಅಷ್ಟೆ. ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಐಎಸ್‌ಒ ಸಂಸ್ಥೆಯ ಪ್ರಕಾರ ನೆಟ್‌ವರ್ಕ್ ನಿರ್ವಹಣೆಗೆ ಐದು ಭಾಗಗಳಿವೆ: ದೋಷ, ಕಾನ್ಫಿಗರೇಶನ್, ಬಳಕೆಯ ಲೆಕ್ಕ, ವೇಗ, ಭದ್ರತೆ. ಚಿಕ್ಕ ಜಾಲದಲ್ಲಿ ಐದಕ್ಕೂ ಒಟ್ಟಿಗೆ ಕೈ ಹಾಕಬೇಕಿಲ್ಲ. ಎರಡನೆಯದನ್ನು ಗಟ್ಟಿ ಮಾಡಿಕೊಳ್ಳಿ. ಯಾವುದು ಎಲ್ಲಿದೆ, ಹೇಗೆ ಸೆಟ್ ಆಗಿದೆ ಎಂಬುದು ಬರಹದಲ್ಲಿದ್ದರೆ ಉಳಿದ ನಾಲ್ಕರ ಭಾರ ತಾನಾಗಿಯೇ ಇಳಿಯುತ್ತದೆ. ನಾನು ನೋಡಿದ ಕಡೆಯೆಲ್ಲ ಹೀಗೇ ಆಗಿದೆ.

ಹೆಜ್ಜೆ 1: ಇರುವುದನ್ನೆಲ್ಲ ಬರೆಯಿರಿ

ಒಂದು ದಿನ ಇದಕ್ಕೇ ಎತ್ತಿಡಿ. ನೋಟ್‌ಬುಕ್, ಟಾರ್ಚ್, ಲೇಬಲ್ ಸುರುಳಿ ಹಿಡಿದು ಹೊರಡಿ. ಹೊರಗಿನಿಂದ ಇಂಟರ್ನೆಟ್ ಒಳಗೆ ಬರುವ ಜಾಗದಿಂದ ಶುರು ಮಾಡಿ. ಆ ತಂತಿ ಯಾವ ರೂಟರ್‌ಗೆ ಹೋಗುತ್ತದೆ? ಅಲ್ಲಿಂದ ಯಾವ ಸ್ವಿಚ್‌ಗೆ (ಒಳಗಿನ ತಂತಿಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ)? ಆ ಸ್ವಿಚ್‌ನ ಎಷ್ಟನೇ ಪೋರ್ಟ್‌ನಿಂದ ಯಾವ ಕೋಣೆಗೆ? ತಂತಿಯ ಜೊತೆಗೇ ನಡೆಯಿರಿ. ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ. ಒಂದೇ ತುದಿಗೆ ಅಂಟಿಸಿದರೆ ಅಂಟಿಸದೇ ಇದ್ದ ಹಾಗೆಯೇ. ಹಾಗೆಯೇ ಉದ್ದವನ್ನೂ ಅಂದಾಜು ಮಾಡಿ. ತಾಮ್ರದ ಈಥರ್‌ನೆಟ್ ತಂತಿಗೆ 100 ಮೀಟರ್ ಮಿತಿ ಇದೆ. ಅದನ್ನು ದಾಟಿದ ತಂತಿ ಒಮ್ಮೆ ಕೆಲಸ ಮಾಡಿ, ಇನ್ನೊಮ್ಮೆ ಕೈಕೊಟ್ಟು ನಿಮ್ಮನ್ನು ಕಾಡುತ್ತದೆ.

ಪ್ರತಿ ಸಾಧನಕ್ಕೂ ಒಂದು ಸಾಲು ಸಾಕು: ಹೆಸರು, ಇರುವ ಜಾಗ, ಮಾಡೆಲ್, ಐಪಿ ವಿಳಾಸ (ಜಾಲದಲ್ಲಿ ಅದಕ್ಕೆ ಕೊಟ್ಟ ನಂಬರ್), ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ನಂಬರ್), ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಆವೃತ್ತಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಆಮೇಲೆ ಸೇವೆಗಳ ಪಟ್ಟಿ ಮಾಡಿ. ಫೈಲ್ ಸರ್ವರ್, ಪ್ರಿಂಟರ್, ಇಮೇಲ್, ವೆಬ್‌ಸೈಟ್, ಎಲ್ಲವೂ ಇರಲಿ. ಒಂದೊಂದರ ಮುಂದೆಯೂ ಅದು ಯಾವುದನ್ನು ನಂಬಿ ನಿಂತಿದೆ ಎಂದು ಬರೆಯಿರಿ.

ದಿನಾಂಕಗಳನ್ನು ಮರೆಯಬೇಡಿ. ಡೊಮೇನ್ ಹೆಸರಿನ ನವೀಕರಣ ಯಾವತ್ತು, ಸೈಟ್‌ನ ಪ್ರಮಾಣಪತ್ರದ (ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ದಾಖಲೆ) ಅವಧಿ ಯಾವತ್ತು ಮುಗಿಯುತ್ತದೆ ಎಂಬುದು ಆ ಸಾಲಿನಲ್ಲೇ ಇರಲಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಉಚಿತ ಪ್ರಮಾಣಪತ್ರಗಳು 2015ರಿಂದಲೂ 90 ದಿನಗಳ ಲೆಕ್ಕದಲ್ಲಿ ಬಂದಿವೆ. ತಾನಾಗಿಯೇ ನವೀಕರಣವಾಗುವಂತೆ ಮಾಡಿದ್ದರೂ ಆ ವ್ಯವಸ್ಥೆ ನಿಂತುಹೋದದ್ದು 91ನೇ ದಿನ ಗೊತ್ತಾಗಬಾರದು, ಅಲ್ವಾ?

ಈ ಪಟ್ಟಿಯ ಒಂದು ಪ್ರತಿ ಕಾಗದದಲ್ಲಿ ಇರಲೇಬೇಕು. ಫೈಲ್ ಸರ್ವರ್ ಬಿದ್ದಾಗ ಅದನ್ನು ಎಬ್ಬಿಸುವ ವಿವರ ಅದೇ ಸರ್ವರ್‌ನಲ್ಲಿದ್ದರೆ ಏನು ಪ್ರಯೋಜನ? ದೊಡ್ಡವರಿಗೂ ಇದು ತಪ್ಪಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅಂಥ ಕಮಾಂಡ್ ತಡೆಯಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷವಿತ್ತು. ರಿಪೇರಿಗೆ ಬೇಕಾದ ಒಳಗಿನ ಸಾಧನಗಳು ಅದೇ ಜಾಲವನ್ನು ನಂಬಿದ್ದವು. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು.

ಹೆಜ್ಜೆ 2: ವಿಳಾಸಗಳಿಗೆ ಒಂದು ಕ್ರಮ

ಒಳಜಾಲಕ್ಕೆಂದೇ ಮೂರು ಗುಂಪಿನ ಐಪಿ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಮೀಸಲಿಡಲಾಗಿದೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. 192.168.0 ಮತ್ತು 192.168.1 ಮನೆಯ ರೂಟರ್‌ಗಳಲ್ಲಿ ತೀರಾ ಸಾಮಾನ್ಯ. ಕಚೇರಿಗೂ ಅದನ್ನೇ ಇಟ್ಟರೆ, ಯಾರಾದರೂ ಮನೆಯಿಂದ ವಿಪಿಎನ್ (ದೂರದಿಂದ ಕಚೇರಿಯ ಜಾಲ ಸೇರುವ ಸುರಕ್ಷಿತ ದಾರಿ) ಹಾಕಿದಾಗ ಎರಡೂ ಕಡೆ ಒಂದೇ ವಿಳಾಸವಾಗಿ ಗೊಂದಲ ಹುಟ್ಟುತ್ತದೆ. ಹಾಗಾಗಿ 10.37.5 ತರಹದ, ಯಾರೂ ಅಷ್ಟಾಗಿ ಬಳಸದ ಗುಂಪು ಆರಿಸಿ.

ಅದರಲ್ಲಿ ಕೊನೆಯ ಸಂಖ್ಯೆಯೊಂದನ್ನೇ ಬದಲಿಸುತ್ತಾ ಬಳಸಲು 254 ವಿಳಾಸ ಸಿಗುತ್ತವೆ. 1ರಿಂದ 20 ರೂಟರ್, ಸ್ವಿಚ್‌ಗಳಿಗೆ. 21ರಿಂದ 60 ಸರ್ವರ್, ಪ್ರಿಂಟರ್‌ಗಳಿಗೆ. 100ರಿಂದ 220 ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ತಾನಾಗಿಯೇ ವಿಳಾಸ ಕೊಡುವ ವ್ಯವಸ್ಥೆ) ಹಂಚಲಿ. ಉಳಿದದ್ದು ಮುಂದಕ್ಕೆ ಇರಲಿ. ವಿಳಾಸ ನೋಡಿದ ಕೂಡಲೇ ಅದು ಏನು ಎಂದು ಹೇಳುವಂತಿರಬೇಕು.

ಡಿಎಚ್‌ಸಿಪಿ ಕೆಲಸ ಮಾಡುವುದು ನಾಲ್ಕು ಮಾತುಗಳಲ್ಲಿ. ಕಂಪ್ಯೂಟರ್ "ಯಾರಾದರೂ ವಿಳಾಸ ಕೊಡುತ್ತೀರಾ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಸರ್ವರ್ "ಇದನ್ನು ತಗೋ" ಎನ್ನುತ್ತದೆ. ಕಂಪ್ಯೂಟರ್ "ಅದನ್ನೇ ಕೊಡಿ" ಎನ್ನುತ್ತದೆ. ಸರ್ವರ್ "ಆಯ್ತು, ಇಷ್ಟು ಹೊತ್ತು ನಿನ್ನದು" ಎನ್ನುತ್ತದೆ. ಕೂಗು ಎಲ್ಲರಿಗೂ ಕೇಳುತ್ತದೆ ಎಂಬಲ್ಲೇ ಅಪಾಯವೂ ಇದೆ. ವೈ-ಫೈ ಸಿಗ್ನಲ್ ಜಾಸ್ತಿಯಾಗಲಿ ಎಂದು ಯಾರೋ ಮನೆಯ ರೂಟರ್ ತಂದು ಗೋಡೆಯ ಪೋರ್ಟ್‌ಗೆ ಚುಚ್ಚುತ್ತಾರೆ. ಅದೂ ಉತ್ತರ ಕೊಡಲು ಶುರು ಮಾಡುತ್ತದೆ. ಅರ್ಧ ಜನರಿಗೆ ನೆಟ್ ಇರುತ್ತದೆ, ಅರ್ಧ ಜನರಿಗೆ ಇರುವುದಿಲ್ಲ. ನನಗೆ ಒಂದು ಕಚೇರಿಯಲ್ಲಿ ಇದನ್ನು ಹುಡುಕಲು ಎರಡು ದಿನ ಬೇಕಾಯಿತು. ನಿಮ್ಮ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯ ಇದ್ದರೆ ಇವತ್ತೇ ಆನ್ ಮಾಡಿ. ನಿಜವಾದ ಸರ್ವರ್ ಕಡೆಯ ಪೋರ್ಟ್ ಬಿಟ್ಟು ಬೇರೆಲ್ಲಿಂದ ಉತ್ತರ ಬಂದರೂ ಅದು ತಡೆಯುತ್ತದೆ.

ಅತಿಥಿಗಳ ವೈ-ಫೈ ಬೇರೆ ವಿಎಲ್ಎಎನ್‌ನಲ್ಲಿ, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಜಾಲದಲ್ಲಿ ಇರಲಿ. ಸಿಸಿಟಿವಿ ಕ್ಯಾಮೆರಾಗಳೂ ಬೇರೆ ಇರಲಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ರೂಟರ್‌ಗಳ ಒಳಹೊಕ್ಕಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೇ ಬಿಟ್ಟ ಕಾರಣಕ್ಕೆ.

ಹೆಜ್ಜೆ 3: ಎಲ್ಲ ಚೆನ್ನಾಗಿರುವಾಗಲೇ ಅಳೆಯಿರಿ

ನಿಧಾನ ಆಗಿದೆ ಎಂದು ದೂರು ಬಂದರೆ ಯಾವುದಕ್ಕೆ ಹೋಲಿಸಿ ನಿಧಾನ? ಸಾಮಾನ್ಯ ದಿನ ಹೇಗಿರುತ್ತದೆ ಎಂದು ಗೊತ್ತಿಲ್ಲದಿದ್ದರೆ ಉತ್ತರ ಇಲ್ಲ. ಜ್ಯಾಬಿಕ್ಸ್, ನ್ಯಾಗಿಯೋಸ್, ಲಿಬ್ರೆಎನ್ಎಂಎಸ್ ಇವೆಲ್ಲ ಉಚಿತವಾಗಿ ಸಿಗುವ ನಿಗಾ ಸಾಧನಗಳು. ಒಂದನ್ನು ಆರಿಸಿ, ಹಳೆಯ ಕಂಪ್ಯೂಟರ್ ಒಂದರಲ್ಲಿ ಹಾಕಿ. ಸ್ವಿಚ್, ರೂಟರ್‌ಗಳಿಂದ ಅವು ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ಕೇಳಿ ತಿಳಿಯುವ ಪದ್ಧತಿ) ಮೂಲಕ ಲೆಕ್ಕ ಪಡೆಯುತ್ತವೆ. ಮೂರನೇ ಆವೃತ್ತಿಯ ಎಸ್‌ಎನ್‌ಎಂಪಿ ಬಳಸಿ. ಹಳೆಯದರಲ್ಲಿ ಗುಪ್ತಪದ ತೆರೆದ ಅಂಚೆ ಕಾರ್ಡಿನಂತೆ ಎಲ್ಲರಿಗೂ ಕಾಣುವ ಹಾಗೆ ಹೋಗುತ್ತದೆ.

ಎಲ್ಲವನ್ನೂ ಅಳೆಯಲು ಹೋಗಬೇಡಿ. ಗೇಟ್‌ವೇ (ಹೊರಗೆ ಹೋಗುವ ಬಾಗಿಲಾದ ರೂಟರ್) ಪಿಂಗ್‌ಗೆ ("ಇದ್ದೀಯಾ" ಎಂದು ಕೇಳುವ ಕಮಾಂಡ್) ಉತ್ತರಿಸುತ್ತದೆಯೇ, ಡಿಎನ್‌ಎಸ್ (ಸೈಟ್ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆ) ಹೆಸರು ಬಿಡಿಸುತ್ತದೆಯೇ, ಸರ್ವರ್ ಡಿಸ್ಕ್ ಎಷ್ಟು ತುಂಬಿದೆ, ಹೊರಗಿನ ಲಿಂಕ್ ಎಷ್ಟು ಬಳಕೆಯಲ್ಲಿದೆ. ಶುರುವಿಗೆ ಇಷ್ಟು ಸಾಕು. ಎಚ್ಚರಿಕೆಯ ಸಂದೇಶ ಕೂಡ ನೀವು ಎದ್ದು ಏನಾದರೂ ಮಾಡಬೇಕಾದಾಗ ಮಾತ್ರ ಬರಲಿ. ದಿನಕ್ಕೆ ಐವತ್ತು ಬಂದರೆ ಮೂರನೇ ದಿನದಿಂದ ಯಾರೂ ಓದುವುದಿಲ್ಲ.

ಎಲ್ಲ ಸಾಧನಗಳ ಗಡಿಯಾರ ಎನ್‌ಟಿಪಿ (ಜಾಲದ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಮೂಲಕ ಒಂದೇ ಸಮಯ ತೋರಿಸಲಿ. ಇಲ್ಲದಿದ್ದರೆ ಎರಡು ಸಾಧನಗಳ ಲಾಗ್ (ಆದದ್ದನ್ನೆಲ್ಲ ಸಮಯದೊಂದಿಗೆ ಬರೆದಿಡುವ ದಾಖಲೆ) ಪಕ್ಕಪಕ್ಕ ಇಟ್ಟು ಯಾವುದು ಮೊದಲು ಆಯಿತು ಎಂದು ಹೇಳಲಾಗುವುದಿಲ್ಲ.

ಹೆಜ್ಜೆ 4: ಬದಲಾಯಿಸುವ ಮೊದಲು ಹಿಂದಿರುಗುವ ದಾರಿ

ಏನನ್ನೇ ಬದಲಾಯಿಸುವ ಮೊದಲು ಮೂರು ಸಾಲು ಬರೆಯಿರಿ. ಏನು ಬದಲಿಸುತ್ತೇನೆ? ಸರಿಯಾಯಿತು ಎಂದು ಹೇಗೆ ತಿಳಿಯುತ್ತೇನೆ? ಕೆಟ್ಟರೆ ಹೇಗೆ ವಾಪಸ್ ತರುತ್ತೇನೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಅವತ್ತು ಮುಟ್ಟಬೇಡಿ.

ದೂರದಿಂದ ಲಾಗಿನ್ ಆಗಿ ರೂಟರ್ ಸೆಟ್ಟಿಂಗ್ ಬದಲಿಸುವಾಗ ನೀವು ಕೂತ ಕೊಂಬೆಯನ್ನೇ ಕಡಿಯುವ ಅಪಾಯ ಇರುತ್ತದೆ. ಇದಕ್ಕೆ ಒಳ್ಳೆಯ ಉಪಾಯಗಳಿವೆ. ಜ್ಯೂನಿಪರ್ ಸಾಧನಗಳಲ್ಲಿ "ಕಮಿಟ್ ಕನ್ಫರ್ಮ್ಡ್" ಎಂದು ಕೊಟ್ಟರೆ, 10 ನಿಮಿಷದೊಳಗೆ ನೀವು ಮತ್ತೆ ಖಚಿತಪಡಿಸದಿದ್ದಲ್ಲಿ ಹಳೆಯ ಸೆಟ್ಟಿಂಗ್ ತಾನಾಗಿ ಮರಳುತ್ತದೆ. ಸಿಸ್ಕೊ ಸಾಧನಗಳಲ್ಲಿ ಕೆಲಸಕ್ಕೆ ಮೊದಲು "ರೀಲೋಡ್ ಇನ್ 10" ಕೊಡುತ್ತಾರೆ. ಸಂಪರ್ಕ ಕಳೆದುಕೊಂಡರೆ 10 ನಿಮಿಷದಲ್ಲಿ ಅದು ಉಳಿಸಿಟ್ಟ ಹಳೆಯ ಸೆಟ್ಟಿಂಗ್‌ನೊಂದಿಗೆ ಮತ್ತೆ ಏಳುತ್ತದೆ. ಎಲ್ಲ ಸರಿ ಇದ್ದರೆ ಆ ರೀಲೋಡ್ ರದ್ದು ಮಾಡಲು ಮರೆಯಬೇಡಿ.

ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸುವಾಗಲೂ ಮೊದಲೇ ಸಿದ್ಧತೆ ಬೇಕು. ಡಿಎನ್‌ಎಸ್ ದಾಖಲೆಗೆ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ. ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. 86400 ಇದ್ದರೆ ಇಡೀ ಒಂದು ದಿನ. ಸಾಗಿಸುವ ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ. ಆಗ ಹೊಸ ವಿಳಾಸ ಬಹುತೇಕ ಎಲ್ಲರಿಗೂ ಐದು ನಿಮಿಷದಲ್ಲಿ ತಲುಪುತ್ತದೆ. ತಪ್ಪಾದರೂ ಐದೇ ನಿಮಿಷದಲ್ಲಿ ವಾಪಸ್.

ಒಂದು ಸಲಕ್ಕೆ ಒಂದೇ ಬದಲಾವಣೆ. ವಾರದ ಕೊನೆಯ ಸಂಜೆ ಬೇಡ.

ಹೆಜ್ಜೆ 5: ಬ್ಯಾಕಪ್ ತೆರೆದು ನೋಡಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಈ ನಿಯಮ ಹಳೆಯದು, ಈಗಲೂ ಸರಿ. ರೂಟರ್, ಸ್ವಿಚ್‌ಗಳ ಕಾನ್ಫಿಗರೇಶನ್ ಫೈಲ್‌ಗೂ ಇದು ಅನ್ವಯಿಸುತ್ತದೆ. ಆದರೆ ಬ್ಯಾಕಪ್ ಇದೆ ಎಂದು ನಂಬಿಕೊಂಡು ಕೂರಬೇಡಿ. 2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರ್ ಒಬ್ಬರು ಒಂದು ಸರ್ವರ್‌ನಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ಸುಮಾರು 300 ಜಿಬಿ ಡೇಟಾಬೇಸ್. ಬ್ಯಾಕಪ್ ಹುಡುಕಿದರೆ ನಿತ್ಯದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳು ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಪ್ರತಿಯೊಂದು ಸಿಕ್ಕಿ ಅವರು ಬಚಾವಾದರು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದು ಹಂಚಿಕೊಂಡರು. ಅದಕ್ಕಾಗಿ ಅವರ ಮೇಲೆ ನನಗೆ ತುಂಬಾ ಗೌರವ.

ಮೂರು ತಿಂಗಳಿಗೊಮ್ಮೆ ಒಂದು ಫೈಲನ್ನು ಬ್ಯಾಕಪ್‌ನಿಂದ ನಿಜವಾಗಿ ವಾಪಸ್ ತಂದು ತೆರೆಯಿರಿ. ಎಷ್ಟು ಹೊತ್ತು ಹಿಡಿಯಿತು ಎಂದೂ ಬರೆದುಕೊಳ್ಳಿ.

ಅಪ್‌ಡೇಟ್‌ಗಳ ಬಗ್ಗೆ ಒಂದೇ ಮಾತು: ತಡ ಮಾಡಬೇಡಿ. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹರಡಿದಾಗ ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಬಂದು ಎರಡು ತಿಂಗಳಾಗಿತ್ತು.

ಹೆಜ್ಜೆ 6: "ನೆಟ್ ಬರ್ತಿಲ್ಲ" ಎಂದಾಗ

ಕೀಬೋರ್ಡ್ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಒಬ್ಬರಿಗೋ, ಎಲ್ಲರಿಗೋ? ಯಾವಾಗಿನಿಂದ? ಅದಕ್ಕೆ ಮೊದಲು ಏನು ಬದಲಾಯಿತು? ಅರ್ಧದಷ್ಟು ತೊಂದರೆಗಳ ಸುಳಿವು ಮೂರನೇ ಉತ್ತರದಲ್ಲೇ ಸಿಗುತ್ತದೆ.

ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ. ತಂತಿ ಚುಚ್ಚಿದ ಜಾಗದಲ್ಲಿ ದೀಪ ಉರಿಯುತ್ತಿದೆಯೇ? ಕಂಪ್ಯೂಟರ್‌ಗೆ ಯಾವ ವಿಳಾಸ ಬಂದಿದೆ? 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿ ಉತ್ತರ ಸಿಕ್ಕಿಲ್ಲ ಎಂದರ್ಥ. ಅಲ್ಲಿಗೆ ಹುಡುಕಾಟ ಸಣ್ಣದಾಯಿತು. ವಿಳಾಸ ಸರಿ ಇದ್ದರೆ ಗೇಟ್‌ವೇಗೆ ಪಿಂಗ್ ಮಾಡಿ. (ಪಿಂಗ್ ಅನ್ನು 1983ರಲ್ಲಿ ಬರೆದವರು ಮೈಕ್ ಮುಸ್. ಜಲಾಂತರ್ಗಾಮಿಗಳ ಸೋನಾರ್ ಸದ್ದೇ ಆ ಹೆಸರು. ನಾಲ್ಕು ದಶಕದ ನಂತರವೂ ನಾವು ಮೊದಲು ಕೈ ಹಾಕುವುದು ಅದಕ್ಕೇ.) ಗೇಟ್‌ವೇ ಸಿಕ್ಕರೆ ಹೊರಗಿನ ಒಂದು ಐಪಿಗೆ, ಉದಾಹರಣೆಗೆ 1.1.1.1ಕ್ಕೆ ಪಿಂಗ್ ಮಾಡಿ. ಅದೂ ಸಿಕ್ಕಿ, ಹೆಸರು ಹಾಕಿದಾಗ ಮಾತ್ರ ಸಿಗದಿದ್ದರೆ ತೊಂದರೆ ಡಿಎನ್‌ಎಸ್‌ನದು. ಗೇಟ್‌ವೇ ಸಿಕ್ಕಿ ಹೊರಗಿನ ಐಪಿ ಸಿಗದಿದ್ದರೆ ಟ್ರೇಸ್‌ರೂಟ್ (ದಾರಿಯ ಒಂದೊಂದು ಹಂತವನ್ನೂ ತೋರಿಸುವ ಕಮಾಂಡ್) ಓಡಿಸಿ. ಉತ್ತರ ಯಾವ ಹಂತದವರೆಗೆ ಬಂದು ನಿಂತಿತು ಎಂದು ನೋಡಿ. ಸೇವೆ ಕೊಡುವವರಿಗೆ ಫೋನ್ ಮಾಡುವಾಗ ಅದನ್ನೇ ಓದಿ ಹೇಳಿ. "ನೆಟ್ ಇಲ್ಲ" ಎನ್ನುವುದಕ್ಕಿಂತ ಬೇಗ ಕೆಲಸ ಆಗುತ್ತದೆ.

ಸರಿಯಾದ ಮೇಲೆ ಎದ್ದು ಹೋಗಬೇಡಿ. ಇನ್ನೂ ಐದು ನಿಮಿಷದ ಕೆಲಸ ಇದೆ. ಮೊದಲ ಹೆಜ್ಜೆಯ ಆ ನೋಟ್‌ಬುಕ್ ತೆಗೆಯಿರಿ. ದಿನಾಂಕ, ಸಮಯ, ಕಂಡದ್ದು, ಮಾಡಿದ್ದು, ತಾತ್ಕಾಲಿಕವಾಗಿ ಬಿಟ್ಟದ್ದು ಎಲ್ಲ ಬರೆಯಿರಿ. ಬದಲಿಸಿದ ತಂತಿಯ ನಂಬರ್ ಪಟ್ಟಿಯಲ್ಲೂ ತಿದ್ದಿ. ಆಮೇಲೆ ದೂರು ಹೇಳಿದವರ ಬಳಿ ಹೋಗಿ, ಅವರ ಕಂಪ್ಯೂಟರ್‌ನಲ್ಲೇ ನೆಟ್ ಬರುತ್ತಿರುವುದನ್ನು ಒಮ್ಮೆ ನೋಡಿ ಬನ್ನಿ.