ಈಜಿ ಬಂದು ಸೈಕಲ್ಲೇರುವವರಿಗೆ: ದೂರದ ಆಕ್ವಾಬೈಕ್ ಸ್ಪರ್ಧೆಯ ಸಿದ್ಧತೆ

ಈಜು, ಸೈಕಲ್, ಓಟ ಮೂರನ್ನೂ ಸಾಲಾಗಿ ಮುಗಿಸುವ ಟ್ರಯಥ್ಲಾನಿನಿಂದ ಓಟವನ್ನು ಕಳೆದರೆ ಉಳಿಯುವ ಸ್ಪರ್ಧೆಗೆ ಆಕ್ವಾಬೈಕ್ ಎಂದು ಹೆಸರು. ತೆರೆದ ನೀರಿನಲ್ಲಿ ನಿಗದಿಯಾದ ದೂರವನ್ನು ಈಜಿ, ದಡಕ್ಕೆ ಬಂದು, ಒದ್ದೆ ಮೈಯಲ್ಲೇ ಸೈಕಲ್ಲೇರಿ ರಸ್ತೆಯ ದೂರವನ್ನು ಮುಗಿಸಬೇಕು. ನಡುವೆ ಬಟ್ಟೆ, ಸಲಕರಣೆ ಬದಲಿಸಿಕೊಳ್ಳುವ ಸಮಯವೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ದೂರದ ಸ್ಪರ್ಧೆಗಳಲ್ಲಿ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. 1.9 ಕಿ.ಮೀ. ಈಜು ಮತ್ತು 90 ಕಿ.ಮೀ. ಸೈಕಲ್ ಒಂದು, ಅದರ ಇಮ್ಮಡಿಯಾದ 3.8 ಕಿ.ಮೀ. ಮತ್ತು 180 ಕಿ.ಮೀ. ಇನ್ನೊಂದು. ಇವೆರಡರ ನಡುವೆ 3 ಕಿ.ಮೀ. ಈಜಿ 120 ಕಿ.ಮೀ. ತುಳಿಯುವ ಸ್ಪರ್ಧೆಗಳೂ ಇವೆ. ಇಂದು ವರ್ಲ್ಡ್ ಟ್ರಯಥ್ಲಾನ್ ಎಂದು ಕರೆಸಿಕೊಳ್ಳುವ ಅಂತರರಾಷ್ಟ್ರೀಯ ಒಕ್ಕೂಟವು 2017ರಲ್ಲಿ ಕೆನಡಾದ ಪೆಂಟಿಕ್ಟನ್‌ನಲ್ಲಿ ನಡೆಸಿದ ವಿಶ್ವಕೂಟದಲ್ಲಿ ಆಕ್ವಾಬೈಕಿಗೂ ಜಾಗ ಕೊಟ್ಟಿತು. ಇದು ಓಡಲಾಗದವರ ಆಟವೆಂಬ ಕೊಂಕು ಇನ್ನೂ ಕೇಳಿಬರುತ್ತದೆ. ಮಂಡಿನೋವಿನಿಂದಾಗಿ ಇತ್ತ ಹೊರಳಿದವರಲ್ಲಿ ನಾನೂ ಒಬ್ಬನಾದ್ದರಿಂದ ಆ ಕೊಂಕನ್ನು ಪೂರ್ತಿ ಅಲ್ಲಗಳೆಯಲಾರೆ.

ತಯಾರಿಗೆ ಇಳಿಯುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿಕೊಳ್ಳಬೇಕು. 1.9 ಕಿ.ಮೀ. ಈಜಿಗೆ 45 ನಿಮಿಷ, 90 ಕಿ.ಮೀ. ಸೈಕಲ್ಲಿಗೆ ಮೂರೂಕಾಲು ಗಂಟೆ ಹಿಡಿಯುವ ಸಾಧಾರಣ ಸ್ಪರ್ಧಿಯು ಒಟ್ಟು ಸಮಯದ ಐದರಲ್ಲಿ ನಾಲ್ಕು ಪಾಲನ್ನು ಸೀಟಿನ ಮೇಲೆಯೇ ಕಳೆಯುತ್ತಾನೆ. ಈಜಿನಲ್ಲಿ ಮೈಮುರಿದು ದುಡಿದರೆ ಎರಡು ನಿಮಿಷ ಉಳಿದೀತು. ಸೈಕಲ್ ಮೇಲೆ ಊಟ ತಪ್ಪಿದರೆ ಇಪ್ಪತ್ತು ನಿಮಿಷ ಹೋದೀತು. ಆದ್ದರಿಂದ ಇದನ್ನು ನಾನು ಈಜು ಮತ್ತು ಸೈಕಲ್ಲಿನ ಸಮಪಾಲಿನ ಸ್ಪರ್ಧೆಯೆಂದು ಎಣಿಸುವುದಿಲ್ಲ. ಇದು ನೀರಿನಲ್ಲಿ ಆರಂಭವಾಗುವ ಸೈಕಲ್ ಸ್ಪರ್ಧೆ, ಮತ್ತು ಆ ನೀರಿನಿಂದ ದಣಿವಿಲ್ಲದೆ ಎದ್ದು ಬರುವುದೇ ಈಜಿನ ಮುಖ್ಯ ಕೆಲಸ.

ಈಗಾಗಲೇ ವಾರಕ್ಕೆ ಮೂರು ನಾಲ್ಕು ದಿನ ವ್ಯಾಯಾಮದ ರೂಢಿ ಇರುವವರಿಗೆ ಚಿಕ್ಕ ಅಳತೆಗೆ ನಾಲ್ಕು ತಿಂಗಳು, ದೊಡ್ಡದಕ್ಕೆ ಆರು ತಿಂಗಳು ಇಟ್ಟುಕೊಳ್ಳುವುದು ಕ್ಷೇಮ. ವಾರದಲ್ಲಿ ಮೂರು ಈಜು, ಮೂರು ಸೈಕಲ್ ಸವಾರಿ ಸಾಕು. ಬೆನ್ನು, ಕುತ್ತಿಗೆ, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿ ಮಾಡುವ ಕಸರತ್ತಿಗೆ ಎರಡು ಅರ್ಧಗಂಟೆಗಳನ್ನು ಮೀಸಲಿಡಿ; ನಾಲ್ಕು ಗಂಟೆ ಬಗ್ಗಿ ಕುಳಿತು ತುಳಿಯುವಾಗ ಮೊದಲು ಸೋಲುವುದು ಕಾಲಲ್ಲ, ಕುತ್ತಿಗೆ. ಸೈಕಲ್ಲಿನ ಮೂರು ಸವಾರಿಗಳಲ್ಲಿ ಒಂದು ದೂರದ್ದು, ಒಂದು ಸ್ಪರ್ಧೆಯ ವೇಗದ ತುಣುಕುಗಳದ್ದು, ಒಂದು ಹಗುರವಾದದ್ದು ಆಗಿರಲಿ. ದೂರದ ಸವಾರಿಯನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ನಾಲ್ಕನೆಯ ವಾರ ಇಳಿಸಿ, ಚಿಕ್ಕ ಅಳತೆಗಾದರೆ ಮೂರೂವರೆ ಗಂಟೆಗೂ ದೊಡ್ಡದಕ್ಕಾದರೆ ಐದಾರು ಗಂಟೆಗೂ ಮುಟ್ಟಿಸಬೇಕು. ತಿಂಗಳಿಗೆರಡು ಸಲವಾದರೂ ಈಜಿದ ಕೂಡಲೇ ಸೈಕಲ್ಲೇರುವ ಅಭ್ಯಾಸ ಮಾಡಿ. ಅಡ್ಡವಾಗಿ ಮಲಗಿ ಕೈಗಳಿಂದ ದುಡಿಯುತ್ತಿದ್ದ ದೇಹವು ಒಮ್ಮೆಲೇ ನೆಟ್ಟಗೆ ನಿಂತು ಕಾಲಿಗೆ ರಕ್ತ ಹರಿಸಬೇಕಾದಾಗ ತಲೆ ಸುತ್ತುವುದು, ತೊಡೆ ಮರದಂತಾಗುವುದು ಸಾಮಾನ್ಯ; ಅದು ಹತ್ತು ಹದಿನೈದು ನಿಮಿಷಗಳಲ್ಲಿ ಸರಿಹೋಗುತ್ತದೆಂದು ಸ್ಪರ್ಧೆಯ ದಿನಕ್ಕೆ ಮೊದಲೇ ಮೈಗೆ ಗೊತ್ತಿರಬೇಕು.

ಕೊಳದಲ್ಲಿ ಚೆನ್ನಾಗಿ ಈಜುವವರು ತೆರೆದ ನೀರಿನಲ್ಲಿ ತಬ್ಬಿಬ್ಬಾಗುವುದಕ್ಕೆ ಕಾರಣಗಳಿವೆ. ತಳದಲ್ಲಿ ಕಪ್ಪು ಗೆರೆಯಿಲ್ಲ, ಹಿಡಿದು ನಿಲ್ಲಲು ಗೋಡೆಯಿಲ್ಲ, ಸುತ್ತ ನೂರಾರು ಕೈಕಾಲುಗಳು. ದಾರಿ ತೋರಿಸಲು ದೊಡ್ಡ ಬಣ್ಣದ ಬುಗ್ಗೆಗಳನ್ನು ತೇಲಿಬಿಟ್ಟಿರುತ್ತಾರೆ. ಪ್ರತಿ ಆರರಿಂದ ಹತ್ತು ಕೈಬೀಸಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ತಲೆಯೆತ್ತಿ ಬುಗ್ಗೆಯನ್ನು ನೋಡಿ, ಆಮೇಲೆ ಪಕ್ಕಕ್ಕೆ ಹೊರಳಿ ಉಸಿರೆಳೆದುಕೊಳ್ಳಬೇಕು. ನೋಡುವುದನ್ನೂ ಉಸಿರಾಡುವುದನ್ನೂ ಒಟ್ಟಿಗೆ ಮಾಡಹೋದರೆ ತಲೆ ಹೆಚ್ಚು ಮೇಲೇಳುತ್ತದೆ, ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಬುಗ್ಗೆ ಅಲೆಯ ಮರೆಗೆ ಹೋದರೆ ಅದರ ಹಿಂದಿನ ದಡದಲ್ಲಿರುವ ಮರವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಳ್ಳಿ. ದಾರಿ ನೂರಕ್ಕೆ ಐದರಷ್ಟು ಸೊಟ್ಟಗಾದರೂ 3.8 ಕಿ.ಮೀ.ಗೆ 190 ಮೀಟರ್ ಹೆಚ್ಚುವರಿ ಈಜಿದಂತಾಗುತ್ತದೆ. ಎರಡೂ ಪಕ್ಕಕ್ಕೆ ಉಸಿರಾಡಲು ಕಲಿತಿದ್ದರೆ ಅಲೆಯೋ ಬಿಸಿಲೋ ಒಂದು ಕಡೆಯಿಂದ ಬಡಿಯುವಾಗ ಇನ್ನೊಂದು ಕಡೆಗೆ ಹೊರಳಬಹುದು.

ಈಜಿನಲ್ಲಿ ಮತ್ತೊಬ್ಬರ ಬೆನ್ನಿಗೆ ಅಂಟಿಕೊಂಡು ಸಾಗುವುದು ತಪ್ಪಲ್ಲ. ನಿಮಗಿಂತ ತುಸುವೇ ಚುರುಕಾಗಿರುವವರ ಪಾದದ ಹಿಂದೆ, ಗುಳ್ಳೆಗಳು ಕಾಣುವಷ್ಟು ಹತ್ತಿರದಲ್ಲಿ ಈಜಿದರೆ ಅದೇ ವೇಗ ಕಡಿಮೆ ಶ್ರಮದಲ್ಲಿ ಸಿಗುತ್ತದೆ. ಪಾದ ಮುಟ್ಟುತ್ತ ಪೀಡಿಸದಿದ್ದರಾಯಿತು. ಅವರು ದಾರಿ ತಪ್ಪಿದರೆ ನೀವೂ ತಪ್ಪುವಿರಾದ್ದರಿಂದ ಬುಗ್ಗೆಯ ಮೇಲಿನ ಕಣ್ಣನ್ನು ಮಾತ್ರ ಬಿಡಬಾರದು.

ಆರಂಭದ ಐದು ನಿಮಿಷ ಇಡೀ ದಿನದ ಅತ್ಯಂತ ನಾಜೂಕಿನ ಹೊತ್ತು. ತಣ್ಣೀರು ಎದೆಗೆ ಬಡಿದೊಡನೆ ಉಸಿರು ತಾನಾಗಿ ಏದುಬ್ಬಸಕ್ಕೆ ತಿರುಗುತ್ತದೆ, ಮುಖ ನೀರಿಗಿಡಲು ಮನಸ್ಸು ಒಪ್ಪುವುದಿಲ್ಲ. ಅವಕಾಶವಿದ್ದರೆ ಮೊದಲೇ ನೀರಿಗಿಳಿದು, ಮುಖ ಮುಳುಗಿಸಿ, ಬಾಯಿಯಿಂದ ಗುಳ್ಳೆ ಬಿಡುತ್ತ ಎರಡು ಮೂರು ನಿಮಿಷ ಕಳೆಯಿರಿ. ವೇಗದ ಈಜುಗಾರರಲ್ಲದವರು ಗುಂಪಿನ ಅಂಚಿನಲ್ಲಿ, ಹಿಂದೆ ನಿಂತು, ಹತ್ತು ಸೆಕೆಂಡು ತಡವಾಗಿ ಹೊರಟರೆ ಕಳೆದುಕೊಳ್ಳುವುದು ಹತ್ತು ಸೆಕೆಂಡು ಮಾತ್ರ. ಗಾಬರಿಯಾದರೆ ಬೆನ್ನ ಮೇಲೆ ಮಲಗಿ ಉಸಿರು ಹದಕ್ಕೆ ಬರುವವರೆಗೆ ತೇಲಿ. ಕೈಯೆತ್ತಿ ಬೀಸಿದರೆ ಕಾವಲು ದೋಣಿ ಬರುತ್ತದೆ. ಅದನ್ನು ಹಿಡಿದು ವಿಶ್ರಮಿಸಿದವರು ಅದರ ಬಲದಿಂದ ಮುಂದೆ ಸಾಗದಿದ್ದರೆ ಸಾಮಾನ್ಯವಾಗಿ ಸ್ಪರ್ಧೆಯಿಂದ ಹೊರಬೀಳುವುದಿಲ್ಲ. ಎದೆನೋವು, ಎಂದಿನದಲ್ಲದ ಉಸಿರುಗಟ್ಟುವಿಕೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಇಂಥ ಸ್ಪರ್ಧೆಗಳಲ್ಲಿ ಸಾವು ಸಂಭವಿಸಿದಾಗ ಅದು ಹೆಚ್ಚಾಗಿ ಈಜಿನ ಹಂತದಲ್ಲಿಯೇ ಆಗಿರುತ್ತದೆ. ನಲವತ್ತು ದಾಟಿದವರು ಹೆಸರು ಕೊಡುವ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ತೆರೆದ ನೀರಿನ ಅಭ್ಯಾಸಕ್ಕೂ ಒಬ್ಬರೇ ಹೋಗಕೂಡದು.

ನೀರಿನ ಉಷ್ಣತೆ ಸುಮಾರು 24 ಡಿಗ್ರಿಗಿಂತ ಕೆಳಗಿದ್ದರೆ ಹವ್ಯಾಸಿಗಳಿಗೆ ವೆಟ್‌ಸೂಟ್, ಅಂದರೆ ಮೈಗಂಟುವ ರಬ್ಬರಿನಂಥ ಈಜುಡುಪು, ತೊಡಲು ಅನುಮತಿ ಇರುತ್ತದೆ. ನಿಖರವಾದ ಮಿತಿಯನ್ನು ಆಯಾ ಸ್ಪರ್ಧೆಯ ನಿಯಮಪುಸ್ತಕದಲ್ಲಿ ನೋಡಿಕೊಳ್ಳಬೇಕು. ದಪ್ಪ 5 ಮಿ.ಮೀ. ಮೀರುವಂತಿಲ್ಲ. ಅದು ಬೆಚ್ಚಗಿಡುವುದಷ್ಟೇ ಅಲ್ಲದೆ ಸೊಂಟವನ್ನು ಮೇಲೆತ್ತಿ ತೇಲಿಸುತ್ತದೆ, ಆದ್ದರಿಂದ ದುರ್ಬಲ ಈಜುಗಾರರಿಗೆ ಅದರಿಂದ ಹೆಚ್ಚು ಲಾಭ. ಕುತ್ತಿಗೆಯ ಹಿಂಬದಿಗೆ ಉಜ್ಜುಗಾಯವಾಗದಂತೆ ಜಾರುವ ಲೇಪ ಹಚ್ಚಿಕೊಳ್ಳಿ. ಹೊಸ ಸೂಟನ್ನು ಸ್ಪರ್ಧೆಯ ದಿನವೇ ಮೊದಲ ಬಾರಿ ತೊಟ್ಟವರು ಎದೆ ಬಿಗಿದು ಒದ್ದಾಡುವುದನ್ನು ಕಂಡಿದ್ದೇನೆ.

ನೀರಿನಿಂದ ಸೈಕಲ್ಲಿಗೆ ಹೊರಳುವ ಜಾಗಕ್ಕೆ ಟ್ರಾನ್ಸಿಶನ್ ಎನ್ನುತ್ತಾರೆ. ಆಕ್ವಾಬೈಕಿನಲ್ಲಿ ಇದು ಒಂದೇ ಸಲ ಬರುವುದರಿಂದ ಅಲ್ಲಿ ಕಳೆದ ನಿಮಿಷವನ್ನು ಮರಳಿ ಗಳಿಸಲು ಎರಡನೆಯ ಅವಕಾಶವಿಲ್ಲ. ನನ್ನ ಜೋಡಣೆ ಹೀಗಿರುತ್ತದೆ. ಹ್ಯಾಂಡಲ್ ಮೇಲೆ ಹೆಲ್ಮೆಟ್ ಮಗುಚಿ, ಪಟ್ಟಿಗಳು ಎರಡು ಬದಿಗೂ ಹೊರಗೆ ಚೆಲ್ಲಿರುವಂತೆ. ಅದರೊಳಗೆ ಕಡ್ಡಿ ಬಿಚ್ಚಿಟ್ಟ ತಂಪುಗನ್ನಡಕ. ನೆಲದ ಮೇಲೆ ಕೈಯಗಲದ ಟವೆಲ್ಲು, ಅದರ ಮೇಲೆ ಬಾಯಿ ಅಗಲಿಸಿದ ಶೂಗಳು, ಒಳಗೆ ಸ್ವಲ್ಪ ಪೌಡರ್. ಚೈನನ್ನು ಹಗುರ ಗೇರಿಗೆ ಹಾಕಿಟ್ಟಿರುತ್ತೇನೆ. ಈ ಕೊನೆಯದು ಪೆಟ್ಟು ತಿಂದು ಕಲಿತ ಪಾಠ: ಹಿಂದಿನ ಸಂಜೆ ಭಾರದ ಗೇರಿನಲ್ಲಿ ಬಿಟ್ಟು ಹೋಗಿದ್ದ ಸೈಕಲ್ಲನ್ನು ಮರುದಿನ ಏರಿದಾಗ ಎದುರಿಗಿದ್ದ ಸಣ್ಣ ದಿಣ್ಣೆಯಲ್ಲಿ ಪೆಡಲ್ ತಿರುಗದೆ, ನೋಡುತ್ತ ನಿಂತವರ ಮುಂದೆಯೇ ಪಕ್ಕಕ್ಕೆ ಉರುಳಿದೆ.

ನಿಯಮದ ವಿಷಯದಲ್ಲಿ ಒಂದನ್ನು ಮರೆಯುವಂತಿಲ್ಲ: ಹೆಲ್ಮೆಟ್ಟಿನ ಬಕಲ್ ಹಾಕುವವರೆಗೆ ಸೈಕಲ್ಲನ್ನು ಅದರ ಜಾಗದಿಂದ ತೆಗೆಯುವಂತಿಲ್ಲ. ನೆಲದ ಮೇಲೆ ಎಳೆದಿರುವ ಏರುಗೆರೆಯನ್ನು ದಾಟಿದ ಮೇಲೆಯೇ ಸೈಕಲ್ಲೇರಬೇಕು. ನೀರಿನಿಂದ ಎದ್ದು ಬಂದಾಗ ಸಾಲುಸಾಲು ಸೈಕಲ್ಲುಗಳ ನಡುವೆ ನಿಮ್ಮದು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಬೆಳಿಗ್ಗೆಯೇ ನೀರಿನ ಕಡೆಯಿಂದ ನಡೆದು ಬಂದು ಸಾಲುಗಳನ್ನು ಎಣಿಸಿಕೊಳ್ಳಿ.

ಇನ್ನು ಸೈಕಲ್. ಮುಂದೆ ಓಟವಿಲ್ಲವೆಂಬ ಅರಿವು ಇಲ್ಲಿ ಮನುಷ್ಯನನ್ನು ಕೆಡಿಸುತ್ತದೆ. ಕಾಲುಗಳನ್ನು ಯಾರಿಗಾಗಿ ಉಳಿಸಬೇಕು ಎಂದು ಮೊದಲ ಇಪ್ಪತ್ತು ಕಿ.ಮೀ.ಗಳಲ್ಲೇ ಸುರಿದುಬಿಟ್ಟವರು ಕಡೆಯ ಇಪ್ಪತ್ತರಲ್ಲಿ ತೆವಳುತ್ತಾರೆ. ಓಟವಿಲ್ಲದ್ದರ ಲಾಭ ನಿಜವೇ, ಆದರೆ ಅದನ್ನು ಕೊನೆಯ ಮೂರನೇ ಒಂದು ಪಾಲಿನಲ್ಲಿ ಪಡೆಯಬೇಕು. ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಇರುವವರು, ಒಂದು ಗಂಟೆ ಕಾಲ ಕಷ್ಟದಿಂದ ಕಾಯ್ದುಕೊಳ್ಳಬಲ್ಲ ಶಕ್ತಿಯನ್ನು ನೂರು ಎಂದಿಟ್ಟುಕೊಂಡು, 90 ಕಿ.ಮೀ.ಗೆ ಸುಮಾರು 80ರಿಂದ 85ರ ಆಸುಪಾಸಿನಲ್ಲೂ 180 ಕಿ.ಮೀ.ಗೆ 70ರಿಂದ 75ರ ಆಸುಪಾಸಿನಲ್ಲೂ ಸಾಗಬಹುದು. ಮೀಟರ್ ಇಲ್ಲದವರಿಗೆ ಮಾತೇ ಅಳತೆ: ಮೊದಲ ಅರ್ಧದಲ್ಲಿ ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆಗಬೇಕು. ಏರುಗಳಲ್ಲಿ ಎದ್ದು ನಿಂತು ಹುರುಪು ತೋರಿಸದೆ, ಗೇರು ಇಳಿಸಿ, ಕುಳಿತೇ ಏರಿ. ಇಳಿಜಾರಿನಲ್ಲಿ ವೇಗ ತಾನಾಗಿ ಬಂದಾಗ ತುಳಿಯುವುದಕ್ಕಿಂತ ಮೈ ಕುಗ್ಗಿಸಿ ಕೂರುವುದು ಮೇಲು.

ಸಮತಟ್ಟು ರಸ್ತೆಯಲ್ಲಿ ನಿಮ್ಮ ಬಹುಪಾಲು ಶಕ್ತಿ ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ಗಾಳಿಯ ತಡೆಗೆ ಬೇಕಾದ ಶಕ್ತಿಯು ವೇಗದ ಘನದಂತೆ ಬೆಳೆಯುವುದರಿಂದ, ಗಂಟೆಗೆ 30 ಕಿ.ಮೀ.ಯಿಂದ 33ಕ್ಕೆ ಏರಲು ಆ ತಡೆಯೊಂದಕ್ಕೇ ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಕೊಡಬೇಕಾಗುತ್ತದೆ. ಹೀಗಿರುವಾಗ ದುಬಾರಿ ಚಕ್ರಗಳಿಗಿಂತ ಅಗ್ಗದ ಉಪಾಯ ಸವಾರನ ಭಂಗಿಯಲ್ಲಿದೆ. ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ ಏರೋಬಾರ್ ಎಂಬ ಹಿಡಿಗಳ ಮೇಲೆ ಮೊಣಕೈಯೂರಿ, ತಲೆ ತಗ್ಗಿಸಿ, ಒಂದೂವರೆ ಗಂಟೆ ಎಡೆಬಿಡದೆ ಕೂರಲು ಆಗುವಂಥ ಭಂಗಿಯನ್ನು ತಿಂಗಳುಗಳ ಮುಂಚೆಯೇ ಹೊಂದಿಸಿಕೊಳ್ಳಿ. ಅತಿ ತಗ್ಗಿನ ಭಂಗಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಸೊಂಟ ಹಿಡಿದುಕೊಳ್ಳುವವರಿಗಿಂತ, ತುಸು ಎತ್ತರದಲ್ಲಿ ಅಲುಗದೆ ಕುಳಿತವರು ಬೇಗ ತಲುಪುತ್ತಾರೆ.

ಈಜಿನಲ್ಲಿ ಒಪ್ಪಿತವಾದದ್ದು ಇಲ್ಲಿ ಅಪರಾಧ. ಮುಂದಿನ ಸವಾರರ ಗಾಳಿನೆರಳಿನಲ್ಲಿ ಸಾಗುವಂತಿಲ್ಲ. ದೂರದ ಸ್ಪರ್ಧೆಗಳಲ್ಲಿ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಅವರ ಮುಂಚಕ್ರದಿಂದ ನಿಮ್ಮ ಮುಂಚಕ್ರದವರೆಗೆ 12 ಮೀಟರ್ ಅಂತರವಿರಬೇಕು; ಅದರೊಳಗೆ ನುಗ್ಗಿದರೆ 25 ಸೆಕೆಂಡುಗಳಲ್ಲಿ ದಾಟಿ ಮುಂದೆ ಹೋಗಬೇಕು. ನಿಮ್ಮನ್ನು ಯಾರಾದರೂ ದಾಟಿದರೆ ಹಿಂದೆ ಸರಿಯುವ ಹೊಣೆ ನಿಮ್ಮದು. ಸಿಕ್ಕಿಬಿದ್ದರೆ ದಂಡದ ಡೇರೆಯಲ್ಲಿ ನಿಮಿಷಗಟ್ಟಲೆ ನಿಲ್ಲಬೇಕಾಗುತ್ತದೆ. ಕಿವಿಗೆ ಹಾಡು ಹಾಕಿಕೊಳ್ಳುವುದೂ ಖಾಲಿ ಪೊಟ್ಟಣವನ್ನು ರಸ್ತೆಗೆಸೆಯುವುದೂ ನಿಷಿದ್ಧ.

ಊಟದ ವಿಷಯವನ್ನು ಹಗುರವಾಗಿ ಕಾಣುವವರೇ ಹೆಚ್ಚು. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಇಷ್ಟು ದೀರ್ಘ ದುಡಿಮೆಗೆ ಸಾಲದು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್‌ನಿಂದ ಆರಂಭಿಸಿ, ಹೊಟ್ಟೆ ಒಗ್ಗಿದವರು 90 ಗ್ರಾಂವರೆಗೆ ಹೋಗಬಹುದು. ಗ್ಲೂಕೋಸ್ ಒಂದನ್ನೇ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರಲಾರದಾದ್ದರಿಂದ, ಅದಕ್ಕಿಂತ ಮೇಲೆ ಹೋಗುವಾಗ ಬೇರೊಂದು ದಾರಿಯಿಂದ ಹೀರಲ್ಪಡುವ ಫ್ರಕ್ಟೋಸನ್ನು ಬೆರೆಸಿಕೊಳ್ಳಬೇಕು. ಸೈಕಲ್ಲೇರಿದ ಹತ್ತು ನಿಮಿಷ ನೀರನ್ನಷ್ಟೇ ಗುಟುಕರಿಸಿ, ಉಸಿರು ಹದಕ್ಕೆ ಬಂದ ಮೇಲೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ, ಹಸಿವಿರಲಿ ಇಲ್ಲದಿರಲಿ, ತಿನ್ನಬೇಕು. ಕೈಗಡಿಯಾರಕ್ಕೆ ಗಂಟೆ ಬಾರಿಸಲು ಹೇಳಿಟ್ಟರೆ ನೆನಪಿನ ಹಂಗಿಲ್ಲ. ನೀರು ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು, ಸೆಕೆಯಲ್ಲಿ ಇನ್ನಷ್ಟು, ಜೊತೆಗೆ ಉಪ್ಪಿನಂಶ. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಸ್ಪರ್ಧೆಯ ದಿನ ನಾಲಿಗೆಗೆ ಹೊಸದೇನನ್ನೂ ಕೊಡಬೇಡಿ. ದಾರಿಯ ಮೇಜಿನಲ್ಲಿ ಪುಕ್ಕಟೆ ಸಿಕ್ಕಿತೆಂದು ಎಂದೂ ತಿನ್ನದ ಸಕ್ಕರೆಯ ಜೆಲ್ಲೊಂದನ್ನು ನುಂಗಿ, ಮುಂದಿನ ಮೂವತ್ತು ಕಿ.ಮೀ. ಹೊಟ್ಟೆ ಹಿಡಿದುಕೊಂಡು ತುಳಿದವನ ಮಾತಿದು.

ಪಂಚರ್ ಆದರೆ ಹೊರಗಿನವರ ನೆರವು ಪಡೆಯುವಂತಿಲ್ಲ. ಎರಡು ಟ್ಯೂಬು, ಟಯರು ಬಿಡಿಸುವ ಕಡ್ಡಿ, ಗಾಳಿಯ ಸಿಲಿಂಡರು ಅಥವಾ ಪುಟ್ಟ ಪಂಪು ಜೊತೆಗಿರಲಿ. ಹಿಂಚಕ್ರವನ್ನು ಬಿಚ್ಚಿ ಟ್ಯೂಬು ಬದಲಿಸುವುದನ್ನು ಮನೆಯಲ್ಲಿ ಹತ್ತು ಸಲ ಮಾಡಿ ನೋಡಿ.

ಕೊನೆಯ ಎರಡು ವಾರ ದೂರವನ್ನು ಅರ್ಧಕ್ಕಿಳಿಸಿ, ವೇಗದ ತುಣುಕುಗಳನ್ನು ಮಾತ್ರ ಚಿಕ್ಕದಾಗಿ ಉಳಿಸಿಕೊಳ್ಳಿ. ಈ ಹೊತ್ತಿನಲ್ಲಿ ಕಾಲು ಜಡವೆನಿಸಿ ಕಳೆದದ್ದನ್ನು ತುಂಬಿಕೊಳ್ಳಲು ಆಸೆಯಾಗುತ್ತದೆ, ತುಂಬಲಾಗದು. ಸ್ಪರ್ಧೆಯ ದಿನ ಆರಂಭಕ್ಕೆ ಸುಮಾರು ಮೂರು ಗಂಟೆ ಮೊದಲು ಹಗುರ ಉಪಾಹಾರ ಮುಗಿದಿರಲಿ. ಟಯರಿನ ಗಾಳಿಯನ್ನು ಬೆಳಿಗ್ಗೆಯೇ ತುಂಬಿಸಿ. ಸಮಯ ದಾಖಲಿಸುವ ಎಲೆಕ್ಟ್ರಾನಿಕ್ ಚಿಪ್ ಇರುವ ಪಟ್ಟಿಯನ್ನು ಕಣಕಾಲಿಗೆ ಕಟ್ಟಿ, ಅದರ ಮೇಲೆ ವೆಟ್‌ಸೂಟ್ ಎಳೆದುಕೊಂಡರೆ ನೀರಿನಲ್ಲಿ ಕಳಚಿ ಹೋಗುವುದಿಲ್ಲ.

ಮುಕ್ತಾಯ ಎಲ್ಲಿ ಎಂಬುದನ್ನು ಹಿಂದಿನ ದಿನದ ಸಭೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಕೆಲವು ಕಡೆ ಸೈಕಲ್ಲಿನಿಂದ ಇಳಿಯುವ ಗೆರೆಯ ಬಳಿಯೇ ಗಡಿಯಾರ ನಿಲ್ಲುತ್ತದೆ. ಬೇರೆ ಕಡೆ ಸೈಕಲ್ಲನ್ನು ಅದರ ಜಾಗಕ್ಕೆ ಸೇರಿಸಿ, ಕಾಲ್ನಡಿಗೆಯಲ್ಲಿ ಅಂತಿಮ ಕಮಾನಿನವರೆಗೆ ಹೋಗಬೇಕಾಗುತ್ತದೆ. ಎರಡನೆಯ ಬಗೆಯಾದರೆ ಕೊನೆಯ ಕಿ.ಮೀ.ಯಲ್ಲಿ ಹಗುರ ಗೇರಿಗೆ ಇಳಿದು ಕಾಲು ಸಡಿಲಿಸಿಕೊಳ್ಳಿ. ಯಾವ ಬಗೆಯಾದರೂ, ಇಳಿಗೆರೆಗೆ ಮೊದಲೇ ಕಾಲು ನೆಲ ಮುಟ್ಟಿರಬೇಕು, ಮತ್ತು ಸೈಕಲ್ ಕಂಬಿಗೆ ಸೇರುವವರೆಗೆ ಹೆಲ್ಮೆಟ್ಟಿನ ಬಕಲ್ಲಿಗೆ ಕೈ ಹಾಕಬಾರದು.